ಸಹಾಯ ಬೇಕು: ಆಂಪ್ಲಿಫೈಯರ್ ಹಾಕಿದ ಮೇಲೂ ಆಂಟೆನಾದಲ್ಲಿ ಚಿತ್ರ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಮನೆ ಮೇಲೆ ಟಿವಿಯ ಯುಎಚ್‌ಎಫ್ ಆಂಟೆನಾ ಇದೆ, ಅದರ ಕಂಬಕ್ಕೇ ಆಂಪ್ಲಿಫೈಯರ್ (ಸಿಗ್ನಲ್ ಜೋರು ಮಾಡುವ ಸಾಧನ) ಕೂರಿಸಿದ್ದೇನೆ. ಅದಕ್ಕೆ ಕರೆಂಟ್ ಕೊಡುವ ಅಡಾಪ್ಟರ್ ಟಿವಿ ಪಕ್ಕದಲ್ಲಿದೆ. ಕೇಬಲ್ ಆರ್‌ಜಿ-6, ಸುಮಾರು 20 ಮೀಟರ್.

ಟಿವಿಯಲ್ಲಿ ಸಿಗ್ನಲ್ ಸ್ಟ್ರೆಂತ್ (ಎಷ್ಟು ಜೋರು) 85ರ ಮೇಲೇ ಇರುತ್ತದೆ. ಕ್ವಾಲಿಟಿ (ಎಷ್ಟು ಸ್ವಚ್ಛ) ಮಾತ್ರ 30ಕ್ಕೂ 60ಕ್ಕೂ ನಡುವೆ ಕುಣಿಯುತ್ತದೆ. ಅದು ಇಳಿದ ಕೂಡಲೇ ಮುಖಗಳೆಲ್ಲ ಚೌಕ ಚೌಕವಾಗಿ ಒಡೆದು, ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಸಂಜೆ ಹೊತ್ತು ಇದು ಜಾಸ್ತಿ. ಅಮ್ಮ ದಿನಾ ವಾರ್ತೆ ನೋಡುತ್ತಾರೆ, ಅವರಿಗೋಸ್ಕರವಾದರೂ ಬೇಗ ಸರಿಮಾಡಬೇಕು.

ಮೊದಲು ಮೇಲಿನ ಕನೆಕ್ಟರ್ ಬಿಚ್ಚಿದೆ. ಒಳಗೆ ನೀರು ಹೋಗಿ ತಂತಿ ಹಸಿರುಗಟ್ಟಿತ್ತು. ಅಷ್ಟುದ್ದ ಕತ್ತರಿಸಿ ಹೊಸದು ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಸಿಗ್ನಲ್ಲನ್ನು ಎರಡಾಗಿ ಹಂಚುವ ಸ್ಪ್ಲಿಟರ್ ಕೂಡ ತೆಗೆದೆ, ಅದೊಂದೇ ಸಿಗ್ನಲ್‌ನಲ್ಲಿ ಸುಮಾರು 3.5 ಡೆಸಿಬೆಲ್ ನುಂಗುತ್ತದೆ ಅಲ್ವಾ.

ನಿನ್ನೆ ಆಂಪ್ಲಿಫೈಯರ್ ಪೂರ್ತಿ ಬಿಟ್ಟು ಕೇಬಲ್ ನೇರವಾಗಿ ಜೋಡಿಸಿದೆ. ದೂರದ ಟವರ್‌ನ ಎರಡು ಚಾನೆಲ್ ಹೋದವು. ಆದರೆ ಹತ್ತಿರದ ಟವರ್‌ನ ಚಾನೆಲ್‌ಗಳ ಕ್ವಾಲಿಟಿ 80 ದಾಟಿತು! ಹಾಗಾದರೆ ಹತ್ತಿರದ ಜೋರು ಸಿಗ್ನಲ್ ಆಂಪ್ಲಿಫೈಯರ್‌ಗೆ ತಡೆಯಲಾಗದಷ್ಟು ಆಗುತ್ತಿದೆ ಅನ್ನಿಸುತ್ತದೆ. ಹತ್ತಿರದಲ್ಲೇ ಮೊಬೈಲ್ ಟವರ್ ಕೂಡ ಇದೆ.

ಗೊತ್ತಿರುವವರು ಹೇಳಿ: ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಕಡಿಮೆ ಇರುವ ಆಂಪ್ಲಿಫೈಯರ್ ತರಲಾ, ಅಥವಾ ಮೊದಲು ಆಂಟೆನಾಗೂ ಆಂಪ್ಲಿಫೈಯರ್‌ಗೂ ನಡುವೆ ಎಲ್‌ಟಿಇ ಫಿಲ್ಟರ್ (ಮೊಬೈಲ್ ಸಿಗ್ನಲ್ ತಡೆಯುವಂಥದ್ದು) ಹಾಕಿ ನೋಡಲಾ? ಸುಮ್ನೆ ಊಹೆ ಮೇಲೆ ಒಂದೊಂದೇ ಕೊಳ್ಳಲು ಮನಸ್ಸಿಲ್ಲ. ಇದೇ ತೊಂದರೆ ಅನುಭವಿಸಿದವರು ಯಾವುದರಿಂದ ಸರಿಹೋಯಿತು ಅಂತ ದಯವಿಟ್ಟು ತಿಳಿಸಿ.