ಗಂಟೆಗೆ 162 ಘನ ಮೀಟರ್ ಅಗೆದರೂ ಮೇಷ್ಟರು ನಗುವುದೇಕೆ?

ಪ್ರಶ್ನೆ: ಸಿವಿಲ್ ವಿದ್ಯಾರ್ಥಿ, ಆರನೇ ಸೆಮಿಸ್ಟರ್, ಶಿವಮೊಗ್ಗ

ತೀರ್ಥಹಳ್ಳಿ ಕಡೆ ಧರೆ (ರಸ್ತೆ ಬದಿಯ ಗುಡ್ಡದ ಮಣ್ಣಿನ ಗೋಡೆ) ಕಡಿದು ರಸ್ತೆ ಅಗಲ ಮಾಡುವ ಕೆಲಸಕ್ಕೆ ಯೋಜನೆ ಬರೆಯುತ್ತಿದ್ದೇನೆ. ಮಣ್ಣು 12,000 ಘನ ಮೀಟರ್. 20 ಟನ್ನಿನ ಎಕ್ಸ್‌ಕವೇಟರ್, 0.9 ಘನ ಮೀಟರ್ ಬಕೆಟ್, ಒಮ್ಮೆ ಅಗೆದು ಸುರಿದು ಮರಳಲು 20 ಸೆಕೆಂಡ್. ಗಂಟೆಗೆ 162 ಘನ ಮೀಟರ್. ದಿನಕ್ಕೆ 8 ಗಂಟೆಯಂತೆ ಹತ್ತೇ ದಿನ. 10 ಘನ ಮೀಟರಿನ ಮೂರು ಟಿಪ್ಪರ್, ಹೋಗಿ ಬರಲು ಅರ್ಧ ಗಂಟೆ. ಮೇ 20ಕ್ಕೆ ಆರಂಭ. ಬಾರ್ ಚಾರ್ಟ್ ನೋಡಿ ಮೇಷ್ಟರು ನಕ್ಕರು. ತಪ್ಪೆಲ್ಲಿ?

ಉತ್ತರ: ಸೈಟ್ ಎಂಜಿನಿಯರ್, ಹೊಸನಗರ

ನಾನೂ ಮೊದಲ ಕೆಲಸದಲ್ಲಿ ಹೀಗೇ ಲೆಕ್ಕ ಹಾಕಿದ್ದೆ. ಗಂಟೆಯಲ್ಲಿ ಯಂತ್ರ ದುಡಿಯುವುದು 50 ನಿಮಿಷ ಎಂದುಕೊಳ್ಳಿ. ಬಕೆಟ್ ತುಂಬುವುದು ಹತ್ತರಲ್ಲಿ ಒಂಬತ್ತು ಪಾಲು. ಅಲ್ಲಿಗೆ 162 ಇದ್ದದ್ದು ಸುಮಾರು 121. ಅದೂ ಸಡಿಲ ಮಣ್ಣು! ನೆಲದಲ್ಲಿದ್ದ ಮಣ್ಣು ಅಗೆದಾಗ ಕಾಲು ಪಾಲು ಉಬ್ಬಿದರೆ, ಧರೆಯ ಲೆಕ್ಕದಲ್ಲಿ ಉಳಿಯುವುದು 97.

ನಿಜವಾದ ಎಡವಟ್ಟು ಟಿಪ್ಪರಿನಲ್ಲಿದೆ. ಮೂರೂ ಸೇರಿ ಗಂಟೆಗೆ ಸಾಗಿಸುವುದು 60 ಘನ ಮೀಟರ್ ಸಡಿಲ ಮಣ್ಣು, ಅಂದರೆ ಧರೆಯ 48. ಹಾಗಾಗಿ ನಿಮ್ಮ ಹತ್ತು ದಿನ 32 ದಿನವಾಗುತ್ತದೆ. ಅಷ್ಟರಲ್ಲಿ ಮೃಗಶಿರಾ ಮಳೆ ಹಿಡಿದು, ಆರಿದ್ರಾ ಬಾಗಿಲಲ್ಲಿ ನಿಂತಿರುತ್ತದೆ. ನನ್ನ ಸೈಟಿನಲ್ಲಿ ಆಪರೇಟರ್ ಬಕೆಟ್ ನೆಲಕ್ಕೂರಿ ಎಲೆ ಅಡಿಕೆ ಮೆಲ್ಲುತ್ತಾ ಕೂತಿರುತ್ತಿದ್ದರು, ಆಲಸ್ಯವೆಂದು ಗದರಿದೆ. ಪಾಪ, ತುಂಬಲು ಗಾಡಿಯೇ ಇರಲಿಲ್ಲ. ಜೂನಿನಲ್ಲಿ ಕೆಂಪು ಮಣ್ಣು ಬೆಣ್ಣೆಯಾಯಿತು, ಟಿಪ್ಪರಿನ ಹಿಂದಿನ ಚಕ್ರ ನಿಂತಲ್ಲೇ ತಿರುಗಿತು, ಅರ್ಧ ಕಡಿದ ಧರೆ ಒಂದು ರಾತ್ರಿ ಜಾರಿ ರಸ್ತೆಗೆ ಬಂತು. ಆರು ಟಿಪ್ಪರ್ ಹಾಕಿ, 16 ದಿನ ಹಿಡಿಯಿರಿ. ಜೂನ್ ಮೊದಲ ವಾರದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಚರಂಡಿ, ತಡೆಗೋಡೆಗೂ ದಿನ ಬೇಕಲ್ಲವೇ?

ಉತ್ತರ: ನಿವೃತ್ತ ಓವರ್‌ಸಿಯರ್, ಸಾಗರ

ಬುಡದಿಂದ ಕೆರೆಯಬೇಡಿ, ನೆತ್ತಿಯಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ. ಅದಕ್ಕೂ ಮೊದಲು ಧರೆಯ ಮೇಲ್ಭಾಗದಲ್ಲಿ ಗುಡ್ಡದ ನೀರನ್ನು ಬದಿಗೆ ತಿರುಗಿಸುವ ಕಾಲುವೆ ಆಗಬೇಕು. ತೋಟದವರನ್ನು ಕೇಳಿ, ನೀರಿನ ದಾರಿ ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ ಕೇಳಿದವರು

ಆರಂಭವನ್ನು ಫೆಬ್ರವರಿಗೆ ತಂದೆ. ಆರು ಟಿಪ್ಪರ್. 12,000 ಘನ ಮೀಟರ್ ಸುರಿಯಲು ಹಳ್ಳದ ಪಕ್ಕದ ಬಯಲು ಸಾಕಲ್ಲವೇ?

ಸೈಟ್ ಎಂಜಿನಿಯರ್, ಹೊಸನಗರ

ಉಬ್ಬಿದ್ದನ್ನು ಮರೆತಿರಿ, 15,000! ಹಳ್ಳದ ಪಕ್ಕ ಮಾತ್ರ ಬೇಡ. ಜುಲೈನಲ್ಲಿ ಅಷ್ಟೂ ಮಣ್ಣು ಕೆಳಗಿನವರ ಗದ್ದೆಯಲ್ಲಿರುತ್ತದೆ.