ಮಗನ ಕಣ್ಣಿನ ಲೆನ್ಸ್ ಜಾರಿದೆಯಂತೆ, ಹೃದಯದ ಎಕೋ ಯಾಕೆ?

ಪ್ರಶ್ನೆ:
ನನ್ನ ಮಗನಿಗೆ 8 ವರ್ಷ. ಒಂದೇ ವರ್ಷದಲ್ಲಿ ಮೂರು ಸಲ ಕನ್ನಡಕದ ಪವರ್ ಬದಲಾಯಿತು. ನಿನ್ನೆ ಡ್ರಾಪ್ಸ್ ಹಾಕಿ ನೋಡಿದ ಡಾಕ್ಟರ್, ಎರಡೂ ಕಣ್ಣಿನ ಲೆನ್ಸ್ ಜಾಗದಿಂದ ಜಾರಿದೆ ಅಂದರು. ಏಟು ಬಿದ್ದಿಲ್ಲ. ಹೃದಯದ ಎಕೋ ಮಾಡಿಸಿ ಎಂದು ಚೀಟಿ ಕೊಟ್ಟಿದ್ದಾರೆ. ಅವನು ಆಡಿಕೊಂಡು ಚೆನ್ನಾಗಿಯೇ ಇದ್ದಾನೆ. ಕಣ್ಣಿಗೂ ಹೃದಯಕ್ಕೂ ಏನು ಸಂಬಂಧ?

ಉತ್ತರ 1:
ದಯವಿಟ್ಟು ಎಕೋ ಮಾಡಿಸಿ, ಮುಂದೆ ಹಾಕಬೇಡಿ. ನನಗೆ ಮಾರ್ಫಾನ್ ಸಿಂಡ್ರೋಮ್ ಇದೆ, ಅಂದರೆ ಮೈಯ ಭಾಗಗಳನ್ನು ಹಿಡಿದಿಡುವ ಅಂಗಾಂಶವೇ ಸಡಿಲವಾಗಿರುವ ಹುಟ್ಟು ಕಾಯಿಲೆ. ಲೆನ್ಸ್ ಜಾರಿದ್ದು 9ನೇ ವಯಸ್ಸಿಗೇ ಗೊತ್ತಾಗಿತ್ತು. ಒಂದು ಕಣ್ಣು ಮುಚ್ಚಿಕೊಂಡರೂ ದೀಪ ಎರಡಾಗಿ ಕಾಣುತ್ತಿತ್ತು. ದಪ್ಪ ಕನ್ನಡಕ ಕೊಟ್ಟು ಕಳಿಸಿದರು, ಅಷ್ಟೇ. ಹೃದಯದ ಮಾತನ್ನು ಯಾರೂ ಎತ್ತಲಿಲ್ಲ. 24ರಲ್ಲಿ ಬೇರೊಬ್ಬ ಡಾಕ್ಟರ್ ನನ್ನ ಉದ್ದ ಬೆರಳು ನೋಡಿ (ಅದೂ ಮಾರ್ಫಾನ್ ಲಕ್ಷಣ) ಎಕೋ ಬರೆದರು. ಅಷ್ಟರಲ್ಲಿ ಅಯೋರ್ಟಾ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ, ಬುಡದಲ್ಲಿ ಹಿಗ್ಗಿತ್ತು. ಆ 15 ವರ್ಷ ಸುಮ್ನೆ ಹೋಯಿತಲ್ಲ ಎಂಬ ಸಂಕಟ ಇನ್ನೂ ಇದೆ.

ಲೆನ್ಸನ್ನು ಸುತ್ತಲೂ ಬಹಳ ತೆಳ್ಳಗಿನ ಎಳೆಗಳು ಹಿಡಿದಿರುತ್ತವೆ. ಅವುಗಳಲ್ಲಿ ಇರುವುದು ಮುಖ್ಯವಾಗಿ ಫೈಬ್ರಿಲಿನ್ ಎಂಬ ಪ್ರೋಟೀನ್. ಅಯೋರ್ಟಾದ ಗೋಡೆಗೂ ಅದೇ ಬೇಕು. ಮಾರ್ಫಾನ್‌ನಲ್ಲಿ ಅದರ ಜೀನ್‌ನಲ್ಲೇ ದೋಷ. ಹಾಗಾಗಿ ಎಳೆ ಸಡಿಲ, ನಾಳವೂ ಸಡಿಲ. ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಮಾರ್ಫಾನ್ ಇರುವ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಅಪ್ಪ-ಅಮ್ಮನಿಂದ ಬರದೆ ಹೊಸದಾಗಿಯೇ ಶುರುವಾಗುತ್ತದೆ. ನನ್ನದೂ ಹಾಗೇ.

ಉತ್ತರ 2:
ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಎಷ್ಟಿದೆ ಅಂತಲೂ ನೋಡಿಸಿ. ನನ್ನ ತಂಗಿಯ ಮಗಳಿಗೆ ಬಂದಿದ್ದು ಹೋಮೋಸಿಸ್ಟಿನ್ಯೂರಿಯಾ, ಅಂದರೆ ಅದು ರಕ್ತದಲ್ಲಿ ಹೆಚ್ಚಾಗುವ ಹುಟ್ಟು ಕಾಯಿಲೆ. ಅದರಲ್ಲೂ ಲೆನ್ಸ್ ಜಾರುತ್ತದೆ, ಮೈ ಸಣಕಲಾಗಿ ಉದ್ದ ಇರುತ್ತದೆ. ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಕಣ್ಣಿನ ಆಪರೇಷನ್‌ಗೆ ಮೊದಲೇ ಅರಿವಳಿಕೆ ಡಾಕ್ಟರಿಗೆ ಗೊತ್ತಿರಲೇಬೇಕು. ಸುಮಾರು ಅರ್ಧ ಜನಕ್ಕೆ ವಿಟಮಿನ್ ಬಿ6 ಕೆಲಸ ಮಾಡುತ್ತದೆ. ಅವಳಿಗೆ ಮಾಡಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಚೀಟಿಯಲ್ಲಿ ಲೆನ್ಸ್ ಮೇಲಕ್ಕೆ, ಹೊರಕ್ಕೆ ಜಾರಿದೆ ಎಂದಿದೆ. ಇದರಿಂದ ಏನಾದರೂ ಗೊತ್ತಾಗುತ್ತಾ?

ಉತ್ತರ 1:
ಮಾರ್ಫಾನ್‌ನಲ್ಲಿ ಹೆಚ್ಚಾಗಿ ಆ ಕಡೆಗೇ. ಹೋಮೋಸಿಸ್ಟಿನ್ಯೂರಿಯಾದಲ್ಲಿ ಹೆಚ್ಚಾಗಿ ಕೆಳಕ್ಕೆ, ಮೂಗಿನ ಕಡೆಗೆ. ಆದರೆ ದಿಕ್ಕು ಒಂದನ್ನೇ ನಂಬಬೇಡಿ, ರಕ್ತವನ್ನೂ ನೋಡಿಸಿ. ಎಕೋದಲ್ಲಿ ಸೂಜಿ ಇಲ್ಲ, ನೋವಿಲ್ಲ ಅಂತ ಅವನಿಗೆ ಮೊದಲೇ ಹೇಳಿ. ರಿಪೋರ್ಟ್ ಬರುವ ತನಕ ಕುಸ್ತಿ, ಮುಖಕ್ಕೆ ಚೆಂಡು ಬೀಳುವ ಆಟ ಬೇಡ. ಅಯೋರ್ಟಾದ ಅಳತೆ ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ, ಕಾಯುತ್ತಿರುತ್ತೇನೆ.