ಹ್ಯಾಲೋವೀನ್ ಪಾರ್ಟಿಗೆ ದೆವ್ವದ ತರಕಾರಿ ರೋಸ್ಟ್: ಆಕಾರ ನಿಲ್ತಿಲ್ಲ, ಬಣ್ಣ ಕಲಸಿಹೋಗ್ತಿದೆ

ಓವನ್‌ಹೊಸಬಿ:
ಅಕ್ಟೋಬರ್ 31ರ ಸಂಜೆ 12 ಜನ ದೊಡ್ಡವರು, 8 ಮಕ್ಕಳು. ನ್ಯೂಜೆರ್ಸಿಯಲ್ಲಿರೋದು, ಹಾಗಾಗಿ ತರಕಾರಿ ಸಿಗೋದಕ್ಕೆ ತೊಂದರೆ ಇಲ್ಲ. ನಂಚಿಕೊಳ್ಳೋಕೆ ಹ್ಯಾಲೋವೀನ್ ಥರ ಕಾಣೋ ರೋಸ್ಟೆಡ್ ತರಕಾರಿ ಬೇಕು. ಸಿಹಿಗೆಣಸನ್ನ ಬಾವಲಿ ಆಕಾರದ ಕುಕೀ ಕಟರಲ್ಲಿ ಕತ್ತರಿಸಿ, ಬೀಟ್‌ರೂಟ್, ಆಲೂಗಡ್ಡೆ ಜೊತೆ ಒಂದೇ ಟ್ರೇಯಲ್ಲಿ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಟ್ಟರೆ ರೆಕ್ಕೆ ಕರಕಲು, ಹೊಟ್ಟೆ ಮೆತ್ತಗೆ, ಆಲೂಗಡ್ಡೆಯೆಲ್ಲ ಗುಲಾಬಿ. ಹೆದರಿಸೋದಿರಲಿ, ನೋಡಿದವರು ನಗಬೇಕು. ಒಬ್ಬ ಮಗುವಿಗೆ ಬಾದಾಮಿ, ಗೋಡಂಬಿ ಆಗಲ್ಲ. ಇಬ್ಬರು ಹಿರಿಯರು ಬೆಳ್ಳುಳ್ಳಿ, ಅಣಬೆ ಮುಟ್ಟಲ್ಲ.

ಸೌಟುಹಿಡಿದವ:
ಮೊದಲು ಲೆಕ್ಕ. ದೊಡ್ಡವರಿಗೆ ತಲಾ 170 ಗ್ರಾಂ, ಮಕ್ಕಳಿಗೆ 85 ಗ್ರಾಂ ಹಸಿ ತರಕಾರಿ ಹಿಡಿದರೆ ಸುಮಾರು 2.7 ಕಿಲೋ, ಅಂದರೆ 6 ಪೌಂಡ್. ಇದು ಸಿಪ್ಪೆ, ಬೀಜ ತೆಗೆದ ಮೇಲಿನ ತೂಕ. 18×13 ಇಂಚಿನ ಟ್ರೇಗೆ 2 ಪೌಂಡ್ ಮೇಲೆ ಹಾಕಬೇಡಿ. ಅಲ್ಲಿಗೆ ಮೂರು ಟ್ರೇ. ಮನೆಯ ಓವನಲ್ಲಿ ಒಂದು ಸಲಕ್ಕೆ ಎರಡೇ ಟ್ರೇ ಚೆನ್ನಾಗಿ ಬೇಯೋದು, ಅದೂ ಅರ್ಧ ಹೊತ್ತಿಗೆ ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ ಮಾಡಿದರೆ ಮಾತ್ರ.

400 ಕಡಿಮೆ ಆಯ್ತು. 425 (220 ಸೆಲ್ಸಿಯಸ್) ಇಡಿ. ಫ್ಯಾನ್ ಓಡೋ ಕನ್ವೆಕ್ಷನ್ ಆದರೆ 400 ಸಾಕು. ಹೋಳು ಒಂದಕ್ಕೊಂದು ತಾಗಿಕೊಂಡಿದ್ದರೆ ಅದರ ನೀರು ಹೊರಗೆ ಹೋಗೋಕೆ ಜಾಗ ಇಲ್ಲದೆ ಅಲ್ಲೇ ಹಬೆಯಾಗುತ್ತೆ, ತರಕಾರಿ ಹುರಿಯೋ ಬದಲು ಬೇಯುತ್ತೆ. ಹೊಟ್ಟೆ ಮೆತ್ತಗಾಗಿದ್ದು ಅದಕ್ಕೇ. ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸಿ. ಪೌಂಡಿಗೆ 1 ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಟೀ ಚಮಚ ಉಪ್ಪು. ಟ್ರೇ ಓವನ್ ಒಳಗೆ ಹೋಗೋ ಮುಂಚೆಯಷ್ಟೇ ಉಪ್ಪು ಹಾಕಿ, ಮೊದಲೇ ಹಾಕಿಟ್ಟರೆ ನೀರು ಬಿಡುತ್ತೆ.

ರೆಕ್ಕೆ ಕಥೆ: ಎಲ್ಲಾ ಕಡೆ ದಪ್ಪ ಒಂದೇ ಇದ್ದರೂ ರೆಕ್ಕೆಯ ತುದಿ ಕಿರಿದು. ಕಿರಿದಾದದ್ದು ಮೊದಲು ಸೀಯುತ್ತೆ. ಬಾವಲಿ ಬಿಟ್ಟುಬಿಡಿ. ಕಾಲು ಇಂಚಿಗಿಂತ ಸಣ್ಣ ಮೂಲೆ ಇಲ್ಲದ ಅಚ್ಚು ತಗೊಳ್ಳಿ: ದೆವ್ವ, ಶವಪೆಟ್ಟಿಗೆ, ಕುಂಬಳಕಾಯಿ. ಬಿಲ್ಲೆ ಅರ್ಧ ಇಂಚು ದಪ್ಪ, ಅಚ್ಚು ಎರಡೂವರೆ ಇಂಚಿಗೆ ಕಡಿಮೆ ಬೇಡ. ಕಿತ್ತಳೆ ಬಣ್ಣದ ಸಿಹಿಗೆಣಸು ಬೆಂದ ಮೇಲೆ ಮೆತ್ತಗಾಗಿ ಕುಸಿಯುತ್ತೆ. ಅದರ ಬದಲು ಬಟರ್‌ನಟ್‌ನ (ಉದ್ದ ಕತ್ತಿನ ಸಿಹಿ ಕುಂಬಳ) ಕತ್ತಿನ ಭಾಗ. ಅಲ್ಲಿ ಬೀಜವಿಲ್ಲ, ಗಟ್ಟಿ, ಬಿಲ್ಲೆ ದುಂಡಗೆ ಬರುತ್ತೆ. ಪ್ರತಿ ಬಿಲ್ಲೆಗೆ ಕಣ್ಣು, ಬಾಯಿ ಕೊರೆದರೆ ಅದೇ ಕುಂಬಳಕಾಯಿ ಮುಖ. ಕಣ್ಣು 1 ಸೆಂಟಿಮೀಟರಿಗಿಂತ ಚಿಕ್ಕದಾದರೆ ಬೆಂದ ಮೇಲೆ ಸುಕ್ಕಷ್ಟೇ ಕಾಣುತ್ತೆ. 15 ನಿಮಿಷಕ್ಕೆ ಮಗುಚಿ, ಒಟ್ಟು 22ರಿಂದ 25.

ಅಚ್ಚಲ್ಲಿ ಕತ್ತರಿಸಿದರೆ ಅರ್ಧ ತರಕಾರಿ ಚೂರಾಗಿ ಉಳಿಯುತ್ತೆ. ಆರು ಪೌಂಡೂ ಅಚ್ಚಿಗೆ ಕೊಡೋದು ಹುಚ್ಚು. ಮೇಲೆ ಕಾಣೋ 25 ತುಂಡು ಸಾಕು, ಕೆಳಗೆ ಮಾಮೂಲಿ ಹೋಳಿರಲಿ. ಚೂರು ಮಾರನೇ ದಿನದ ಸಾಂಬಾರಿಗೆ.

ಬಣ್ಣದಬುಟ್ಟಿ:
ಬೀಟ್‌ರೂಟ್ ಬಣ್ಣ ನೀರಲ್ಲಿ ಕರಗೋ ಬಣ್ಣ. ಕತ್ತರಿಸಿದ ಕ್ಷಣದಿಂದ ಸೋರುತ್ತೆ, ಪಕ್ಕದವರಿಗೆಲ್ಲ ಹಚ್ಚುತ್ತೆ. ಅದನ್ನ ಇಡಿಯಾಗಿ, ಸಿಪ್ಪೆ ಸಮೇತ ಫಾಯಿಲ್ ಸುತ್ತಿ 400ರಲ್ಲಿ 50ರಿಂದ 60 ನಿಮಿಷ ಇಡಿ. ಆರಿದ ಮೇಲೆ ಸಿಪ್ಪೆ ಕೈಯಲ್ಲೇ ಜಾರುತ್ತೆ. ಹೆಚ್ಚಿ ತಟ್ಟೆಯ ಒಂದು ಮೂಲೆಯಲ್ಲಿ ಜೋಡಿಸಿ, ಬೇರೆಯದರ ಜೊತೆ ಕಲಸಬೇಡಿ. ಹಿಂದಿನ ದಿನವೇ ಮಾಡಿಡಬಹುದು, ಓವನ್ ಖಾಲಿ ಸಿಗುತ್ತೆ.

ರಕ್ತ ಬೇಕಾದರೆ: 1 ಕಪ್ ಬೀಟ್‌ರೂಟ್ ರಸ ಅರ್ಧಕ್ಕೆ ಇಳಿಸಿ, 1 ಟೀ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕದಡಿ ಸೇರಿಸಿ, ದಪ್ಪ ಆದ ತಕ್ಷಣ ಇಳಿಸಿ 1 ಟೀ ಚಮಚ ನಿಂಬೆರಸ. ಹುಳಿ ಇಲ್ಲದೆ ಬಹಳ ಹೊತ್ತು ಕುದಿಸಿದರೆ ಕೆಂಪು ಹೋಗಿ ಕಂದು ತಿರುಗುತ್ತೆ. ಒಣಗಿದ ರಕ್ತ ಅಂತ ಹೇಳಿಕೊಳ್ಳಬಹುದು, ಆದರೆ ತಿನ್ನೋಕೆ ಯಾರೂ ಮುಂದೆ ಬರಲ್ಲ.

ಗಾಢ ನೇರಳೆಗೆ ಓಕಿನಾವಾ ಗೆಣಸು ಹುಡುಕಿ: ಸಿಪ್ಪೆ ಮಾಸಲು ಬಿಳಿ, ಒಳಗೆ ನೇರಳೆ. ಬಿಸಿಗೆ ಬಣ್ಣ ತಡೆಯುತ್ತೆ, ಬೀಟ್‌ರೂಟಿನಷ್ಟು ಸೋರಲ್ಲ. ತಿರುಳು ಒಣ, ಹಾಗಾಗಿ ಎಣ್ಣೆ ಸ್ವಲ್ಪ ಜಾಸ್ತಿ, ಹೊತ್ತು 30ರಿಂದ 35 ನಿಮಿಷ. ಗರಿಗರಿ ಆಗಲಿ ಅಂತ ಆಲೂಗಡ್ಡೆಗೆ ಅಡುಗೆ ಸೋಡಾ ಹಾಕೋರಿದ್ದಾರೆ, ಇದಕ್ಕೆ ಹಾಕಿದರೆ ನೀಲಿ-ಹಸಿರು ತಿರುಗುತ್ತೆ. ಈ ಒಂದು ಹಬ್ಬಕ್ಕೆ ಅದು ತಪ್ಪೇನಲ್ಲ ಅನ್ನಿ, ಆದರೆ ಸೋಡಾ ಒಂದು ಚಿಟಿಕೆ ಮೀರಿದರೆ ಬಾಯಲ್ಲಿ ಸೋಪು.

ಬಿಳಿ ದೆವ್ವ ಆಲೂಗಡ್ಡೆಯಲ್ಲಿ ಮಾಡ್ತೀನಿ ಅಂದ್ಕೊಂಡಿದ್ದರೆ, ರೋಸ್ಟ್ ಅಂದಮೇಲೆ ಕಂದು ಆಗೇ ಆಗುತ್ತೆ. ಉಪ್ಪು ನೀರಲ್ಲಿ 6 ನಿಮಿಷ ಬೇಯಿಸಿ, ಒರೆಸಿ, ಒಂದೇ ಮಗ್ಗುಲು ಟ್ರೇಗೆ ತಾಗಿಸಿ 15 ನಿಮಿಷ ಇಡಿ, ಮಗುಚಬೇಡಿ. ಅಡಿ ಗರಿ, ಮುಖ ಬಿಳಿ. ಕಣ್ಣಿಗೆ ಎರಡು ಮೆಣಸಿನ ಕಾಳು ಬೇಡ, ಮಕ್ಕಳ ಬಾಯಿಗೆ ಹೋದರೆ ಅಳು. ಕಪ್ಪು ಆಲಿವ್ ಚೂರು ಸಾಕು.

ಗುರೆಳ್ಳು:
ಕಪ್ಪು ಬಣ್ಣ ಯಾರೂ ಹೇಳಲಿಲ್ಲವಲ್ಲ! ಉತ್ತರ ಕರ್ನಾಟಕದ ಗುರೆಳ್ಳು (ಹುಚ್ಚೆಳ್ಳು) ಚಟ್ನಿಪುಡಿ ಇದಕ್ಕೇ ಹುಟ್ಟಿದಂಗೈತಿ. ಅರ್ಧ ಕಪ್ ಗುರೆಳ್ಳು ಸಣ್ಣ ಉರಿಯಲ್ಲಿ ಚಟಪಟ ಅನ್ನೋವರೆಗೆ ಹುರೀರಿ, ಮೂರು-ನಾಲ್ಕು ನಿಮಿಷ. 3 ಬ್ಯಾಡಗಿ ಮೆಣಸಿನಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು ಹುರಿದು ಒಣಗಿಸಿದ್ದು, ಒಂದು ಚೂರು ಬೆಲ್ಲ, ಉಪ್ಪು. ಬೆಳ್ಳುಳ್ಳಿ ಹಾಕೋದಿದ್ರ ಅದಿಲ್ಲದ ಒಂದು ಪಾಲು ಬೇರೆ ಮಾಡ್ರಿ, ಹಿರಿಯರಿಗೆ. ಮಿಕ್ಸಿ ಬಿಟ್ಟು ಬಿಟ್ಟು ತಿರುಗಿಸ್ರಿ, ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಮುದ್ದೆ ಆಗ್ತೈತಿ. ಓವನಿಂದ ಹೊರಗೆ ಬಂದ ಮೇಲೆ ಉದುರಿಸ್ರಿ, 425ರಲ್ಲಿ ಹಾಕಿದರೆ ಕಹಿ. ಕಿತ್ತಳೆ ಬಟರ್‌ನಟ್ ಮೇಲೆ ಮಸಿ ಚೆಲ್ಲಿದಂಗ ಕಾಣ್ತೈತಿ.

ಅಮೆರಿಕದಾಗ ಹಕ್ಕಿ ಕಾಳಿನ ಅಂಗಡಿಯಲ್ಲಿ 'ನೈಜರ್' ಅಂತ ಇದೇ ಬೀಜ ಸಿಗ್ತೈತಿ. ತಗೋಬ್ಯಾಡ್ರಿ. ಅದು ಹಕ್ಕಿಗೆ ಅಂತ ತಂದದ್ದು, ಮನುಷ್ಯರ ಊಟಕ್ಕಲ್ಲ. ಭಾರತೀಯ ಅಂಗಡಿ ನೋಡ್ರಿ, ಇಲ್ಲಾಂದ್ರ ಕರಿ ಎಳ್ಳು.

ಓವನ್‌ಹೊಸಬಿ:
ತುಂಬಾ ಉಪಯೋಗ ಆಯ್ತು. ಕ್ಯಾರೆಟ್‌ನಲ್ಲಿ ಮಾಟಗಾತಿ ಬೆರಳು ಮಾಡಿ ಬಾದಾಮಿ ಉಗುರು ಇಡ್ತಾರಲ್ಲ, ಬಾದಾಮಿ ಬದಲು ಏನು? ಮತ್ತೆ ಟ್ರೇಗಳನ್ನ 5 ಗಂಟೆಗೇ ಮುಗಿಸಿ ಫಾಯಿಲ್ ಮುಚ್ಚಿಟ್ಟರೆ ಊಟದ ಹೊತ್ತಿಗೆ, 7ಕ್ಕೆ, ಸರಿ ಇರುತ್ತಾ?

ಸೌಟುಹಿಡಿದವ:
ಫಾಯಿಲ್ ಮುಚ್ಚಿದರೆ ಇಷ್ಟೊತ್ತು ಹೊರಗೆ ಕಳಿಸಿದ ಹಬೆ ಮತ್ತೆ ಒಳಗೇ. 20 ನಿಮಿಷದಲ್ಲಿ ಮೆತ್ತಗೆ. ಹೀಗೆ ಮಾಡಿ: ಬೆಳಿಗ್ಗೆ ಹೆಚ್ಚಿ ಫ್ರಿಜ್‌ಗೆ (ಆಲೂಗಡ್ಡೆ ಮಾತ್ರ ನೀರಲ್ಲಿ). ಐದೂವರೆಗೆ ಮೊದಲ ಎರಡು ಟ್ರೇ, ಆರು ಗಂಟೆಗೆ ಮೂರನೆಯದು. ಮೊದಲಿನವನ್ನ ತೆರೆದೇ ಬಿಡಿ, ಬಡಿಸೋ ಮುಂಚೆ 425ರಲ್ಲಿ 6 ನಿಮಿಷ. ಬೆಂದ ತರಕಾರಿ ಹೊರಗೆ ಎರಡು ಗಂಟೆ ಮೀರಬಾರದು, ಮಕ್ಕಳು ಕ್ಯಾಂಡಿಗೆ ಬೀದಿ ಸುತ್ತಿ ತಡವಾಗಿ ಬಂದರೂ ಅಷ್ಟೇ.

ಬೆರಳಿಗೆ 5-6 ಇಂಚಿನ ತೆಳ್ಳನೆ ಕ್ಯಾರೆಟ್. ಎರಡು ಕಡೆ ಮೂರು ಮೂರು ಅಡ್ಡ ಗೀರು, 2 ಮಿಲಿಮೀಟರ್ ಆಳ. ಶಾಖಕ್ಕೆ ಗೀರು ಬಿರಿದು ಅಂಚು ಕಂದಾಗಿ ಗೆಣ್ಣು ಥರ ಕಾಣುತ್ತೆ. ಉಗುರಿಗೆ ಸಿಪ್ಪೆ ತೆಗೆದ ಹಸಿರು ಕುಂಬಳ ಬೀಜ, ಪ್ಯಾಕೆಟ್ ಮೇಲೆ ಬಾದಾಮಿ-ಗೋಡಂಬಿ ಜೊತೆ ಪ್ಯಾಕ್ ಮಾಡಿದ್ದಲ್ಲ ಅಂತ ಓದಿಕೊಳ್ಳಿ. ರೋಸ್ಟ್ ಆದ ಮೇಲೆ ತುದಿಯಲ್ಲಿ ಚಾಕುವಿನಿಂದ ಸೀಳಿ ಸಿಕ್ಕಿಸಿ, ಮುಂಚೆಯೇ ಇಟ್ಟರೆ ಕ್ಯಾರೆಟ್ ಕುಗ್ಗಿ ಉಗುರು ಉದುರುತ್ತೆ. ಮೇಪಲ್ ಸಿರಪ್ ಹಚ್ಚೋದಿದ್ದರೆ ಕೊನೆಯ 5 ನಿಮಿಷ. ಟ್ರೇಗೆ ಹಾಸೋ ಪಾರ್ಚ್‌ಮೆಂಟ್ ಕಾಗದದ ಡಬ್ಬಿ ಮೇಲೆ ಎಷ್ಟು ಡಿಗ್ರಿ ಅಂತ ನೋಡಿ, ಕೆಲವು 420ಕ್ಕೇ ನಿಲ್ಲುತ್ತವೆ. ವ್ಯಾಕ್ಸ್ ಪೇಪರ್ ಅಂತೂ ಬೇಡವೇ ಬೇಡ, ಮೇಣ ಕರಗಿ ಹೊಗೆ.

ಬಣ್ಣದಬುಟ್ಟಿ:
ತಟ್ಟೆ ಮಧ್ಯಕ್ಕೆ ಜೇಡರಬಲೆ: ಬಟ್ಟೆಯಲ್ಲಿ ಎರಡು ಗಂಟೆ ಕಟ್ಟಿದ ಗಟ್ಟಿ ಮೊಸರು ಒಂದೂವರೆ ಕಪ್ ಅಗಲ ಬಟ್ಟಲಿಗೆ ಹರಡಿ. ಹುಣಸೆ-ಖರ್ಜೂರ ಚಟ್ನಿಯಲ್ಲಿ ನಾಲ್ಕು ಸುತ್ತು ಬರೆದು, ಟೂತ್‌ಪಿಕ್ಕಿನಿಂದ ನಡುವಿನಿಂದ ಹೊರಗೆ ಎಂಟು ಗೆರೆ ಎಳೆಯಿರಿ. ಚಟ್ನಿ ಚಮಚದಿಂದ ಜಾರೋವಷ್ಟು ತೆಳ್ಳಗಿದ್ದರೆ ಬಲೆ ಬದಲು ಕೆಸರು. ಬಡಿಸೋ ಅರ್ಧ ಗಂಟೆ ಒಳಗೆ ಮಾಡಿ.

ಹಿತ್ತಿಲುಬಾಗಿಲು:
ಮಧ್ಯೆ ಬಾಯಿ ಹಾಕ್ತಾ ಇದ್ದೀನಿ. ಬಾಗಿಲಲ್ಲಿ ಮುಖ ಕೊರೆದು ಇಟ್ಟಿರೋ ದೊಡ್ಡ ಕುಂಬಳಕಾಯಿಯನ್ನೇ ಪಾರ್ಟಿಗೆ ಹುರಿಯಬಹುದಾ? ನಮ್ಮೂರಲ್ಲಿ ಕಟ್ಟಡಕ್ಕೆ ಕಟ್ಟೋ ದೃಷ್ಟಿ ಕುಂಬಳಕಾಯಿ ಯಾರೂ ತಿನ್ನಲ್ಲ, ಅದೂ ಹಾಗೇನಾ?

ಸೌಟುಹಿಡಿದವ:
ಹಾಗೇ ಅಂದ್ಕೊಳ್ಳಿ. ಕೊರೆದು ಹೊರಗಿಟ್ಟದ್ದಕ್ಕೆ ಬೂಸ್ಟು, ಮೇಣದಬತ್ತಿ ಮಸಿ ಎರಡೂ ಇರುತ್ತೆ. ಕೊರೆಯೋಕೆ ಬೆಳೆಸೋ ಆ ತಳಿ ನಾರು, ನೀರು, ಸಪ್ಪೆ. ಐರ್ಲೆಂಡಲ್ಲಿ ಮೊದಲು ಟರ್ನಿಪ್ ಗಡ್ಡೆ ಕೊರೆಯುತ್ತಿದ್ದರು, ಅಮೆರಿಕಕ್ಕೆ ಬಂದವರಿಗೆ ಕುಂಬಳಕಾಯಿ ದೊಡ್ಡದಾಗಿ, ಸುಲಭವಾಗಿ ಸಿಕ್ಕಿತು, ರುಚಿಗೆ ಆರಿಸಿದ್ದಲ್ಲ. ತಿನ್ನೋಕೆ 'ಶುಗರ್ ಪೈ' ಅಥವಾ ಕಬೋಚಾ ತಳಿಯ ಕುಂಬಳ ತಗೊಳ್ಳಿ. ಕೊರೆದ ದಿನವೇ ತೆಗೆದ ಬೀಜ ಮಾತ್ರ ಬಿಸಾಡಬೇಡಿ: ಉಪ್ಪು ನೀರಲ್ಲಿ 10 ನಿಮಿಷ ಕುದಿಸಿ, ಒಣಗಿಸಿ, 350ರಲ್ಲಿ 20 ನಿಮಿಷ, ಹತ್ತಕ್ಕೊಮ್ಮೆ ಕೈಯಾಡಿಸಿ.